ಕಾರ್ಪೆಂಟರ್ಸ್ ಹಾಡುಗಳು: ಯಾವುದು ಮೂಲ, ಯಾವುದು ತಿದ್ದಿದ್ದು?

ಅಮೆರಿಕದ ಅಣ್ಣ–ತಂಗಿ ಜೋಡಿ ಕಾರ್ಪೆಂಟರ್ಸ್ (ರಿಚರ್ಡ್ ಮತ್ತು ಕರೆನ್) 1973ರ ನವೆಂಬರಿನಲ್ಲಿ ಹೊರತಂದ ‘ದ ಸಿಂಗಲ್ಸ್ 1969–1973’ ಎಂಬ ಜನಪ್ರಿಯ ಗೀತೆಗಳ ಸಂಕಲನದ ಬಗ್ಗೆ ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಅದರಲ್ಲಿರುವ ಹಲವು ಹಾಡುಗಳು ಮೊದಲು ಬಿಡುಗಡೆಯಾದ ರೂಪದಲ್ಲಿಲ್ಲ, ಅವನ್ನು ಸಂಕಲನಕ್ಕೆಂದೇ ಮರುಮಿಶ್ರಣ ಮಾಡಲಾಗಿದೆ ಎಂದು ತಿಳಿಸಿ, ಕೇಳುಗರಾದ ನಿಮಗೆ ಯಾವ ರೂಪ ಹಿಡಿಸುತ್ತದೆ ಎಂದು ಕೇಳಿದ್ದೆ. ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಹೇಳಿದವುಗಳನ್ನು ಒಟ್ಟುಗೂಡಿಸಿ, ಇಡೀ ಅಂಕಣವನ್ನು ಈ ಸಲ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ರೀಮಿಕ್ಸ್ ಎಂದರೆ ಹಳೆಯ ಹಾಡಿಗೆ ಹೊಸ ತಾಳವಾದ್ಯಗಳ ಅಬ್ಬರ ಸೇರಿಸುವುದು ಎಂದು ತಿಳಿದಿದ್ದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹಿಂದಿ ಚಿತ್ರಗೀತೆಗಳಿಗೆ ಹಾಗೆ ಮಾಡಿದ್ದನ್ನು ಕೇಳಿ ಬೇಸರಪಟ್ಟವನು ನಾನು. ಕಾರ್ಪೆಂಟರ್ಸ್‌ನಂತಹ ಮೃದು ಸಂಗೀತಕ್ಕೆ ರೀಮಿಕ್ಸ್ ಯಾಕೆ ಬೇಕಾಯಿತು? (ಶಿವಮೊಗ್ಗದ ಓದುಗರು)

ಉತ್ತರ: ನೀವು ಹೇಳುವುದೂ ರೀಮಿಕ್ಸ್ ಹೌದು, ಆದರೆ ಇಲ್ಲಿ ಆ ಪದಕ್ಕೆ ಅದಕ್ಕಿಂತ ಹಳೆಯದಾದ, ಸ್ಟುಡಿಯೋದೊಳಗಿನ ಅರ್ಥವಿದೆ. ಹಾಡೊಂದನ್ನು ಮುದ್ರಿಸುವಾಗ ಗಾಯನ, ಪಿಯಾನೋ, ಬಾಸ್, ಡ್ರಮ್, ತಂತಿವಾದ್ಯಗಳು ಇವೆಲ್ಲ ಒಂದೇ ಅಗಲವಾದ ಟೇಪಿನ ಮೇಲೆ ಬೇರೆಬೇರೆ ಟ್ರ್ಯಾಕುಗಳಲ್ಲಿ ಕೂರುತ್ತವೆ. ಕೊನೆಗೆ ಅವುಗಳಲ್ಲಿ ಯಾವುದು ಎಷ್ಟು ಜೋರಾಗಿರಬೇಕು, ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದಕ್ಕೆ ಎಷ್ಟು ಅನುರಣನ (ರಿವರ್ಬ್, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಮೊಳಗು) ಎಂದು ನಿರ್ಧರಿಸಿ ಎರಡು ಟ್ರ್ಯಾಕಿನ ಸ್ಟೀರಿಯೋ ರೂಪಕ್ಕೆ ಇಳಿಸುವುದೇ ಮಿಶ್ರಣ. ಮೂಲ ಟೇಪು ಉಳಿದಿದ್ದರೆ ಈ ನಿರ್ಧಾರಗಳನ್ನು ಮತ್ತೊಮ್ಮೆ, ಬೇರೆ ರೀತಿಯಲ್ಲಿ ಮಾಡಬಹುದು. ಅದು ಮರುಮಿಶ್ರಣ. ಸಿದ್ಧವಾದ ಸ್ಟೀರಿಯೋ ಟೇಪನ್ನೇ ಇಟ್ಟುಕೊಂಡು ಒಟ್ಟಾರೆ ಧ್ವನಿಯನ್ನು ಹದಗೊಳಿಸುವುದು ಮರುಮಾಸ್ಟರಿಂಗ್, ಅದು ಬೇರೆ ಕೆಲಸ. ಹೊಸದಾಗಿ ಹಾಡಿಯೋ ನುಡಿಸಿಯೋ ಸೇರಿಸುವುದು ಮೂರನೆಯದು. ಕಾರ್ಪೆಂಟರ್ಸ್ ವಿಷಯದಲ್ಲಿ ಈ ಮೂರೂ ಬೇರೆಬೇರೆ ಕಾಲದಲ್ಲಿ ನಡೆದಿವೆ. ಕೇಳುಗರ ಜಗಳದಲ್ಲಿ ಅರ್ಧ ಪಾಲು, ಯಾರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದು ಸ್ಪಷ್ಟವಾಗದೆ ಹುಟ್ಟಿದ್ದು.

ಅವರ ಹಾಡುಗಳಲ್ಲಿ ಮಿಶ್ರಣಕ್ಕೆ ಇಷ್ಟೊಂದು ಮಹತ್ವ ಬರಲು ವಿಶೇಷ ಕಾರಣವೊಂದಿದೆ. ಹಿನ್ನೆಲೆಯ ಸಮೂಹಗಾನವೆಂದು ನಮಗೆ ಕೇಳಿಸುವುದು ರಿಚರ್ಡ್ ಮತ್ತು ಕರೆನ್ ಇಬ್ಬರದೇ ಕಂಠ. ನಾಲ್ಕು ಸ್ವರಭಾಗಗಳ ಸ್ವರಮೇಳವನ್ನು ಬರೆದು, ಪ್ರತಿ ಭಾಗವನ್ನೂ ಮೂರು ಮೂರು ಸಲ ಹಾಡಿ, ಒಂದರ ಮೇಲೊಂದು ಪೇರಿಸಿ ಹನ್ನೆರಡು ಕಂಠಗಳ ಮೇಳವನ್ನು ಅವರು ಕಟ್ಟುತ್ತಿದ್ದರು. 1969ರ ಮೊದಲ ಆಲ್ಬಂ ಮುದ್ರಣವಾದಾಗ ಇದ್ದದ್ದು ಎಂಟು ಟ್ರ್ಯಾಕುಗಳು ಮಾತ್ರ. ಆಮೇಲೆ ಹದಿನಾರು, ಮುಂದೆ ಇಪ್ಪತ್ತನಾಲ್ಕು ಬಂದವು. ಜಾಗ ಸಾಲದಿದ್ದಾಗ ಹಲವು ಕಂಠಗಳನ್ನು ಕೂಡಿಸಿ ಒಂದೆರಡು ಟ್ರ್ಯಾಕಿಗೆ ಇಳಿಸಬೇಕು, ಹಾಗೆ ಇಳಿಸಿದ ಮೇಲೆ ಹಿಟ್ಟಿಗೆ ಕಲಸಿದ ಉಪ್ಪನ್ನು ಬೇರ್ಪಡಿಸಲಾಗದಂತೆ ಅವು ಮತ್ತೆ ಬಿಡಿಯಾಗವು. ಇಂತಹ ಕಟ್ಟುನಿಟ್ಟಿನಲ್ಲಿ ಸಂಯೋಜನೆ ಮಾಡಿದವನಿಗೆ, ಸೌಲಭ್ಯ ಹೆಚ್ಚಾದ ಮೇಲೆ, ಹಳೆಯದನ್ನು ಮತ್ತೆ ತೆರೆದು ನೋಡುವ ಆಸೆ ಬರುವುದು ಸಹಜ.

ಪ್ರಶ್ನೆ: ನಾನು ಹಿಂದೂಸ್ತಾನಿ ಸಂಗೀತದ ಹಳೆಯ ತಟ್ಟೆಗಳನ್ನು ಸಂಗ್ರಹಿಸುವವಳು. ಮುದ್ರಣವೆಂದರೆ ಒಂದು ದಿನ, ಒಂದು ಕಂಠ, ಒಂದು ಗಳಿಗೆಯ ದಾಖಲೆ. ಅದನ್ನು ಕಲಾವಿದರೇ ಆಗಲಿ, ಆಮೇಲೆ ತಿದ್ದಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಕಲನವೆಂದು ಹೆಸರಿಟ್ಟು ಬೇರೆಯೇ ಹಾಡುಗಳನ್ನು ಮಾರುವುದು ಕೇಳುಗರಿಗೆ ಮಾಡಿದ ಮೋಸವಲ್ಲವೇ? (ಧಾರವಾಡದ ಓದುಗರು)

ಉತ್ತರ: ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ, ಕೊನೆಯಲ್ಲಿ ನಾನು ಅದಕ್ಕೆ ಹತ್ತಿರವೇ ಬರುತ್ತೇನೆ. ಆದರೆ 1973ರ ಈ ಸಂಕಲನದ ಮಟ್ಟಿಗೆ ನಿಮ್ಮ ತೀರ್ಪನ್ನು ಒಪ್ಪಲಾರೆ.

‘ಟಾಪ್ ಆಫ್ ದ ವರ್ಲ್ಡ್’ ಹಾಡನ್ನು ತೆಗೆದುಕೊಳ್ಳಿ. ಅದು ಮೊದಲು 1972ರ ‘ಎ ಸಾಂಗ್ ಫಾರ್ ಯೂ’ ಆಲ್ಬಂನಲ್ಲಿ ಎಲ್ಲ ಹಾಡುಗಳ ನಡುವೆ ಒಂದಾಗಿ ಬಂತು, ಬಿಡಿ ತಟ್ಟೆಯಾಗಿ ಹೊರಡಿಸುವ ಯೋಚನೆ ಇರಲಿಲ್ಲ. ಲಿನ್ ಆಂಡರ್ಸನ್ ಎಂಬ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ) ಗಾಯಕಿ ಅದನ್ನು ಹಾಡಿ ಜನಪ್ರಿಯಗೊಳಿಸಿದ ಮೇಲೆ ಕಾರ್ಪೆಂಟರ್ಸ್ ಕೂಡ 1973ರಲ್ಲಿ ಬಿಡಿ ತಟ್ಟೆ ತರಲು ನಿರ್ಧರಿಸಿದರು. ಆದರೆ ಆಲ್ಬಂಗೆ ತಾನು ಹಾಡಿದ ರೀತಿ ಕರೆನ್ ಅವರಿಗೆ ಸಮಾಧಾನ ತಂದಿರಲಿಲ್ಲ. ಅವರು ಮುಖ್ಯ ಗಾಯನವನ್ನು ಮತ್ತೆ ಹಾಡಿದರು, ಆ ಹೊಸ ರೂಪವೇ 1973ರ ಡಿಸೆಂಬರಿನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಇಲ್ಲಿ ದಾಖಲೆಯನ್ನು ಯಾರೋ ಕೆಡಿಸಿದರು ಎನ್ನಲು ಬರುವುದಿಲ್ಲ. ಹಾಡಿದವರೇ ತಮ್ಮ ಹಾಡನ್ನು ಮತ್ತೆ ಕೇಳಿ, ಇದಕ್ಕಿಂತ ಚೆನ್ನಾಗಿ ಹಾಡಬಲ್ಲೆ ಎಂದು ಹೇಳಿ, ಹಾಡಿ ತೋರಿಸಿದರು.

ಬೀಟಲ್ಸ್ ತಂಡದ ‘ಟಿಕೆಟ್ ಟು ರೈಡ್’ ಹಾಡನ್ನು ಅವರು ನಿಧಾನಗತಿಯ ವಿಷಾದಗೀತೆಯಾಗಿ ಮಾರ್ಪಡಿಸಿದ್ದು ಇನ್ನೂ ಒಳ್ಳೆಯ ಉದಾಹರಣೆ. 1969ರಲ್ಲಿ ಅದನ್ನು ಮೊದಲು ಹಾಡಿದಾಗ ಕರೆನ್ ಅವರಿಗೆ ಹತ್ತೊಂಬತ್ತು ವರ್ಷ. ಸಂಕಲನಕ್ಕಾಗಿ ಮತ್ತೆ ಹಾಡಿದಾಗ ಇಪ್ಪತ್ತಮೂರು. ಎರಡನ್ನೂ ಒಂದಾದಮೇಲೊಂದು ಕೇಳಿದರೆ, ಮೊದಲನೆಯದರಲ್ಲಿ ದನಿ ಸುಂದರವಾಗಿದ್ದರೂ ದುಃಖವನ್ನು ಹೊರಗಿನಿಂದ ಹೇಳುತ್ತಿರುವಂತಿದೆ. ಎರಡನೆಯದರಲ್ಲಿ ಮಂದ್ರ ಸ್ಥಾಯಿಯ ಸ್ವರಗಳು ತುಂಬಿಕೊಂಡಿವೆ, ಉಸಿರಿನ ಮೇಲೆ ಹಿಡಿತ ಬಂದಿದೆ, ಸಾಲಿನ ಕೊನೆಯನ್ನು ಎಳೆಯದೆ ಅಲ್ಲೇ ಬಿಡುವ ಧೈರ್ಯ ಬಂದಿದೆ. ಆ ನಾಲ್ಕು ವರ್ಷಗಳಲ್ಲಿ ಆಕೆ ಗಾಯಕಿಯಾಗಿ ಬೆಳೆದ ದೂರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಜೋಡಿ ಮುದ್ರಣ ಅವರ ಸಂಗ್ರಹದಲ್ಲಿ ನನಗೆ ಸಿಕ್ಕಿಲ್ಲ. ನಿಮ್ಮ ಮಾತಿನಂತೆ ನಡೆದಿದ್ದರೆ ನಮಗೆ ಈ ಎರಡನೆಯದು ಸಿಗುತ್ತಲೇ ಇರಲಿಲ್ಲ. ಮೊದಲನೆಯದೂ ಕಳೆದುಹೋಗಿಲ್ಲ, ಮೊದಲ ಆಲ್ಬಂನಲ್ಲಿ ಹಾಗೆಯೇ ಇದೆ.

ಇನ್ನು, ಈ ಸಂಕಲನವನ್ನು ಬಿಡಿ ಹಾಡುಗಳ ಗಂಟೆಂದು ಅವರು ಭಾವಿಸಲೇ ಇಲ್ಲ. ಮೊದಲ ಹಾಡಾದ ‘ವೀವ್ ಓನ್ಲಿ ಜಸ್ಟ್ ಬಿಗನ್’ ಆರಂಭವಾಗುವ ಮುನ್ನ ‘ಕ್ಲೋಸ್ ಟು ಯೂ’ ಹಾಡಿನ ಎಳೆಯೊಂದು ಪೀಠಿಕೆಯಂತೆ ಬರುತ್ತದೆ, ತಟ್ಟೆಯ ಎರಡನೆಯ ಮಗ್ಗುಲು ಅದೇ ‘ಕ್ಲೋಸ್ ಟು ಯೂ’ ಹಾಡಿನಿಂದ ಮುಗಿಯುತ್ತದೆ. ಮೊದಲ ಮಗ್ಗುಲಿನ ಕೊನೆಯ ಮೂರು ಹಾಡುಗಳ ನಡುವೆ ಮೌನವಿಲ್ಲದಂತೆ ವಾದ್ಯಗಳ ಸೇತುವೆ ಕಟ್ಟಲಾಗಿದೆ. ಬ್ರಿಟನ್ನಿನಲ್ಲಿ ಹದಿನೇಳು ವಾರ ಮೊದಲ ಸ್ಥಾನದಲ್ಲಿದ್ದ ಈ ಸಂಕಲನವನ್ನು ಜನ ಇಡಿಯಾಗಿ ಕೇಳಿದ್ದರಲ್ಲಿ ಈ ಹೆಣಿಗೆಯ ಪಾಲೂ ಇದೆ ಎಂದು ನಂಬಿದ್ದೇನೆ.

ಪ್ರಶ್ನೆ: ಎಪ್ಪತ್ತರ ದಶಕದಲ್ಲಿ ರೇಡಿಯೋ ಸಿಲೋನಿನ ಇಂಗ್ಲಿಷ್ ಪ್ರಸಾರದಲ್ಲಿ ಈ ಹಾಡುಗಳನ್ನು ಕೇಳುತ್ತಾ ಬೆಳೆದವನು ನಾನು. ಆಗ ಕರೆನ್ ಪಕ್ಕದಲ್ಲಿ ಕೂತು ನನಗೊಬ್ಬನಿಗೇ ಹಾಡುತ್ತಿದ್ದಂತೆ ಅನ್ನಿಸುತ್ತಿತ್ತು. ಈಚೆಗೆ ಮಗ ತಂದುಕೊಟ್ಟ ಸಿ.ಡಿ. ಸಂಕಲನದಲ್ಲಿ ಅದೇ ಹಾಡುಗಳು ದೊಡ್ಡ ಸಭಾಂಗಣದ ಆಚೆ ತುದಿಯಿಂದ ಬರುವಂತೆ ಕೇಳಿಸುತ್ತವೆ. ನನ್ನ ಕಿವಿ ಹಳತಾಯಿತೋ, ಹಾಡು ಬದಲಾಯಿತೋ? (ಮೈಸೂರಿನ ಓದುಗರು)

ಉತ್ತರ: ನಿಮ್ಮ ಕಿವಿ ಚೆನ್ನಾಗಿಯೇ ಇದೆ ಎಂದು ನನಗನ್ನಿಸುತ್ತದೆ. ನೀವು ಕೇಳುತ್ತಿರುವುದು ಬಹುಶಃ 1980ರ ದಶಕದಲ್ಲೋ ಆಮೇಲೋ ಮಾಡಿದ ಮರುಮಿಶ್ರಣಗಳನ್ನು. ಈ ಚರ್ಚೆಯ ನಿಜವಾದ ನೋವು ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕರೆನ್ 1983ರ ಫೆಬ್ರವರಿ 4ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಊಟವನ್ನು ತೊರೆಯುವ ಅನೊರೆಕ್ಸಿಯಾ ಎಂಬ ಕಾಯಿಲೆಯ ಪರಿಣಾಮವಾಗಿ ತೀರಿಕೊಂಡರು. ಅದಾದ ಮೇಲೆ ರಿಚರ್ಡ್ ಹಳೆಯ ಟೇಪುಗಳಿಗೆ ಮರಳಿದರು. ಅಮೆರಿಕದಲ್ಲಿ 1985ರಲ್ಲಿ ಬಂದ ‘ಯೆಸ್ಟರ್‌ಡೇ ಒನ್ಸ್ ಮೋರ್’ ಎಂಬ ಸಂಕಲನಕ್ಕಾಗಿಯೂ, ಆಮೇಲಿನ ಸಂಕಲನಗಳಿಗಾಗಿಯೂ ಅವರು ಅನೇಕ ಹಾಡುಗಳನ್ನು ಮರುಮಿಶ್ರಣ ಮಾಡಿದರು, ಕೆಲವಕ್ಕೆ ಪಿಯಾನೋ ಭಾಗವನ್ನು ಹೊಸದಾಗಿ ನುಡಿಸಿ ಸೇರಿಸಿದರು. ಸಿ.ಡಿ. ಆಗ ತಾನೇ ಬಂದಿದ್ದ ಕಾಲ. ಡಿಜಿಟಲ್ ಅನುರಣನ ಯಂತ್ರಗಳು ಎಲ್ಲ ಸ್ಟುಡಿಯೋಗಳಲ್ಲೂ ಇದ್ದವು, ಆ ದಶಕದ ರುಚಿಯೇ ಎಲ್ಲವನ್ನೂ ದೊಡ್ಡದಾಗಿ, ಹೊಳೆಯುವಂತೆ ಕೇಳಿಸುವುದಾಗಿತ್ತು. ಹಳೆಯ ಆಲ್ಬಂಗಳ ಸಿ.ಡಿ.ಗಳೊಳಗೂ ಇಂತಹ ಕೆಲವು ಮಿಶ್ರಣಗಳು ಸೇರಿಕೊಂಡದ್ದರಿಂದ, ತಾನು ಮೂಲವನ್ನೇ ಕೊಂಡೆ ಎಂದುಕೊಂಡ ಕೇಳುಗನಿಗೆ ಬೇರೊಂದು ಸಿಕ್ಕಿತು.

ಕರೆನ್ ಅವರ ಗಾಯನದ ಗುಟ್ಟು ಅದರ ಸಾಮೀಪ್ಯ. ಆಕೆ ಮೈಕಿಗೆ ತೀರ ಹತ್ತಿರ ನಿಂತು, ದನಿಯನ್ನು ಎತ್ತರಿಸದೆ, ಮಂದ್ರದಲ್ಲಿ ಮಾತಾಡುವಷ್ಟೇ ಶಕ್ತಿಯಿಂದ ಹಾಡುತ್ತಿದ್ದರು. ‘ಸೂಪರ್‌ಸ್ಟಾರ್’ ಹಾಡಿನಲ್ಲಿ ನಾವು ಇವತ್ತಿಗೂ ಕೇಳುವುದು, ವಾದ್ಯದವರಿಗೆ ದಾರಿ ತೋರಿಸಲೆಂದು ಕಾಗದದ ಕೈವಸ್ತ್ರವೊಂದರ ಮೇಲೆ ರಿಚರ್ಡ್ ಬರೆದಿದ್ದ ಸಾಹಿತ್ಯವನ್ನು ನೋಡಿಕೊಂಡು ಆಕೆ ಹಾಡಿದ ಮೊದಲ ಗಾಯನ. ಅದಕ್ಕಿಂತ ಚೆನ್ನಾಗಿ ಹಾಡುವ ಅಗತ್ಯವೇ ಬೀಳಲಿಲ್ಲ. ಇಂತಹ ಕಂಠದ ಸುತ್ತ ಅನುರಣನ ಹೆಚ್ಚಿಸಿದರೆ ಅದು ಘನವಾಗುವುದಿಲ್ಲ, ದೂರವಾಗುತ್ತದೆ. ಪಕ್ಕದಲ್ಲಿ ಕೂತವರು ಎದ್ದುಹೋಗಿ ವೇದಿಕೆಯ ಮೇಲೆ ನಿಂತಂತೆ ನಿಮಗನ್ನಿಸಿದ್ದು ಇದರಿಂದಲೇ.

ಆದರೆ ಧ್ವನಿಯ ರುಚಿಗಿಂತ ದೊಡ್ಡ ಪ್ರಶ್ನೆ ಒಪ್ಪಿಗೆಯದು. 1973ರ ಬದಲಾವಣೆಗಳು ನಡೆದಾಗ ಕರೆನ್ ಸ್ಟುಡಿಯೋದಲ್ಲಿದ್ದರು, ಕೆಲವು ಬದಲಾವಣೆಗಳು ಆಕೆಯ ಅತೃಪ್ತಿಯಿಂದಲೇ ಹುಟ್ಟಿದವು. ಆಮೇಲಿನವುಗಳ ಬಗ್ಗೆ ಆಕೆ ಹೌದೆನ್ನಲೂ ಇಲ್ಲವೆನ್ನಲೂ ಸಾಧ್ಯವಿರಲಿಲ್ಲ. ನಾನು ಎಳೆಯುವ ಗೆರೆ ಇದು. ಮೊದಲನೆಯದನ್ನು ಜೋಡಿಯ ಕೃತಿಯೆಂದೇ ಕರೆಯುತ್ತೇನೆ. ಎರಡನೆಯದು ಆ ಕೃತಿಯನ್ನು ಜೋಡಿಯಲ್ಲಿ ಉಳಿದ ಒಬ್ಬರು ಓದಿದ ಬಗೆ. ಅದು ಪ್ರೀತಿಯಿಂದಲೂ ಪಾಂಡಿತ್ಯದಿಂದಲೂ ಕೂಡಿದ್ದರೂ ಓದು ಓದೇ.

ಈ ಗೆರೆ ನನ್ನ ಕಲ್ಪನೆಯಲ್ಲ ಎಂಬುದಕ್ಕೆ ಅವರ ಸಂಗ್ರಹದಲ್ಲೇ ಪುರಾವೆಯಿದೆ. ಕರೆನ್ 1979–80ರಲ್ಲಿ ನ್ಯೂಯಾರ್ಕಿನಲ್ಲಿ ನಿರ್ಮಾಪಕ ಫಿಲ್ ರಮೋನ್ ಅವರೊಂದಿಗೆ ತಮ್ಮದೇ ಆದ ಒಂದು ಆಲ್ಬಂ ಮಾಡಿದರು, ಅದನ್ನು ಕಂಪನಿ ಹೊರತರದೆ ಬದಿಗಿಟ್ಟಿತು. ಅದರ ನಾಲ್ಕು ಹಾಡುಗಳು ರಿಚರ್ಡ್ ಅವರ ಮರುಮಿಶ್ರಣದಲ್ಲಿ 1989ರ ‘ಲವ್‌ಲೈನ್ಸ್’ ಆಲ್ಬಂನಲ್ಲಿ ಬಂದವು. ಇಡೀ ಆಲ್ಬಂ 1996ರಲ್ಲಿ ಕೊನೆಗೂ ಬಿಡುಗಡೆಯಾದಾಗ ಅದು ಬಂದದ್ದು ಕರೆನ್ ತಾವೇ ಒಪ್ಪಿದ್ದ ರೂಪದಲ್ಲಿ. ಎರಡೂ ನಮ್ಮೆದುರಿವೆ, ಎರಡನ್ನೂ ಹೋಲಿಸಿ ಕೇಳಬಹುದು. ಅಂದು ಆಕೆಯ ಒಪ್ಪಿಗೆಗೆ ಕೊಟ್ಟ ಗೌರವವನ್ನು ಉಳಿದ ಹಾಡುಗಳ ಸಂಕಲನಗಳಲ್ಲೂ ಕೊಡಬೇಕೆಂದು ಕೇಳುವುದು ಹೆಚ್ಚಾಯಿತೆಂದು ನನಗೆ ತೋರುವುದಿಲ್ಲ.

ಪ್ರಶ್ನೆ: ಮತ್ತೆ ಮತ್ತೆ ಸಂಕಲನ, ಮತ್ತೆ ಮತ್ತೆ ಮರುಮಿಶ್ರಣ. ಇದರಲ್ಲಿ ಹಣದ ಆಸೆಯ ಹೊರತು ಬೇರೇನೂ ಇಲ್ಲ ಅಲ್ಲವೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಕಂಪನಿಗಳಿಗೆ ವ್ಯಾಪಾರ ಇದ್ದೇ ಇದೆ. 1995ರಲ್ಲಿ ಜಪಾನಿನ ಟೆಲಿವಿಷನ್ ಧಾರಾವಾಹಿಯೊಂದು ಇವರ ಹಾಡುಗಳನ್ನು ಬಳಸಿಕೊಂಡಾಗ ಅಲ್ಲಿನ ಹೊಸ ತಲೆಮಾರು ಸಂಕಲನವನ್ನು ಲಕ್ಷಗಟ್ಟಲೆ ಕೊಂಡಿತು. ಆದರೆ ರಿಚರ್ಡ್ ಅವರ ಮೇಲೆ ಈ ಆರೋಪ ಹೊರಿಸುವುದು ಅನ್ಯಾಯ. ಸಂಯೋಜನೆ, ಪಿಯಾನೋ, ಸಮೂಹಗಾನದ ರಚನೆ ಇವೆಲ್ಲ ಅವರವೇ. ತಮ್ಮ ಕೆಲಸದ ಒಂದೊಂದು ಊನವೂ ಅವರ ಕಿವಿಗೆ ನಾಟುತ್ತದೆ. ಅವರು ಕೆಲವು ಕಡೆ ಕೈಹಾಕಬಾರದಿತ್ತು ಎಂದು ನಾನು ಭಾವಿಸುವುದು ಬೇರೆ, ಅವರ ಉದ್ದೇಶವನ್ನು ಶಂಕಿಸುವುದು ಬೇರೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನೆಲೆಸಿ ಮೂವತ್ತು ವರ್ಷವಾಯಿತು. ನನ್ನ ಮಗಳು ಹೆಡ್‌ಫೋನಿನಲ್ಲಿ ಹೊಸ ಮಿಶ್ರಣಗಳನ್ನೇ ಕೇಳುತ್ತಾಳೆ, ಹಳೆಯವು ಅವಳಿಗೆ ಮಂಕಾಗಿ ಕೇಳಿಸುತ್ತವೆ. ನನಗೂ ಈಗ ಹೊಸವೇ ಸೊಗಸೆನ್ನಿಸುತ್ತಿವೆ. ಮೂಲ, ಮೂಲ ಎಂದು ಹಟ ಹಿಡಿಯುವವರು ಪ್ರೀತಿಸುವುದು ಹಾಡನ್ನಲ್ಲ, ತಮ್ಮ ಯೌವನವನ್ನು. (ಅಮೆರಿಕದಿಂದ ಓದುಗರು)

ಉತ್ತರ: ನಿಮ್ಮ ಮಾತಿನಲ್ಲಿ ಸತ್ಯವಿದೆ. ಮೊದಲು ಕೇಳಿದ್ದೇ ಸರಿಯಾದದ್ದು ಎಂಬ ಭಾವನೆ ನಮ್ಮೆಲ್ಲರಲ್ಲೂ ಗಟ್ಟಿಯಾಗಿ ಕೂತಿರುತ್ತದೆ. ನಾನೂ ಇವರನ್ನು ಮೊದಲು ಕೇಳಿದ್ದು ಗೆಳೆಯನೊಬ್ಬ ನಕಲು ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ, ಅದರ ಸರಸರ ಸದ್ದು ಕೂಡ ಬಹಳ ದಿನ ಹಾಡಿನ ಭಾಗವೇ ಆಗಿತ್ತು.

ಕೇಳುಗರ ಆಕ್ಷೇಪಣೆ ತಪ್ಪಾಗಿದ್ದ ಪ್ರಸಂಗವೂ ಈ ಜೋಡಿಯ ಚರಿತ್ರೆಯಲ್ಲಿದೆ. 1972ರ ‘ಗುಡ್‌ಬೈ ಟು ಲವ್’ ಹಾಡಿನಲ್ಲಿ ಟೋನಿ ಪೆಲುಸೋ ನುಡಿಸಿದ, ಒರಟು ಕರ್ಕಶದ ಫಜ್ ಗಿಟಾರಿನ ಭಾಗ ಬಂದಾಗ, ಕಾರ್ಪೆಂಟರ್ಸ್ ತಮ್ಮನ್ನು ಕೈಬಿಟ್ಟು ರಾಕ್ ಸಂಗೀತಕ್ಕೆ ಹೋದರೆಂದು ಅಭಿಮಾನಿಗಳು ಕೋಪದ ಪತ್ರಗಳನ್ನು ಬರೆದರು. ಇವತ್ತು ಅದೇ ಗಿಟಾರ್ ಆ ಹಾಡಿನ ಪ್ರಾಣ, ಅದರ ದನಿಯನ್ನು ಯಾವ ಮಿಶ್ರಣದಲ್ಲಾದರೂ ತಗ್ಗಿಸಿದರೆ ಮೊದಲು ದೂರುವವರು ಅಭಿಮಾನಿಗಳೇ.

ಹಾಗೆಯೇ 2018ರ ಡಿಸೆಂಬರಿನಲ್ಲಿ, ರಿಚರ್ಡ್ ಲಂಡನ್ನಿನ ಅಬ್ಬೇ ರೋಡ್ ಸ್ಟುಡಿಯೋದಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ತಾವೇ ನಡೆಸಿ, ಕರೆನ್ ಅವರ ಹಳೆಯ ಗಾಯನದ ಸುತ್ತ ಹೊಸ ತಂತಿವಾದ್ಯಗಳನ್ನು ಜೋಡಿಸಿದ ಆಲ್ಬಂ ಬಂತು. ಒಪ್ಪಿಗೆಯ ಪ್ರಶ್ನೆ ಅಲ್ಲಿಯೂ ಇದೆ. ಆದರೆ ಅದು ತಾನೇನೆಂಬುದನ್ನು ಹೆಸರಿನಲ್ಲೇ ಹೇಳುತ್ತದೆ, ವಾದ್ಯವೃಂದದ ಹೆಸರು ಮುಖಪುಟದಲ್ಲಿದೆ, ಯಾರೂ ಅದನ್ನು 1970ರ ಮುದ್ರಣವೆಂದು ಭ್ರಮಿಸುವುದಿಲ್ಲ. ನಿಮ್ಮ ಮಗಳು ಅದನ್ನು ಕೇಳಿ ಆನಂದಪಟ್ಟರೆ ನನಗೂ ಸಂತೋಷವೇ. ಅವಳು ಕೇಳುತ್ತಿರುವುದು ಯಾವ ವರ್ಷದ ರೂಪವೆಂದು ಅವಳಿಗೆ ತಿಳಿದಿರಲಿ, ಎಂದಾದರೂ ಇನ್ನೊಂದನ್ನು ಕೇಳಬೇಕೆನ್ನಿಸಿದರೆ ಅದು ಕೈಗೆ ಸಿಗುವಂತಿರಲಿ, ನನ್ನ ಹಟ ಇಷ್ಟೇ.

ಪ್ರಶ್ನೆ: ನಾನು ಕೇಳುವುದೆಲ್ಲ ಫೋನಿನಲ್ಲಿ. ಒಂದೇ ಹಾಡು ನಾಲ್ಕೈದು ಸಂಕಲನಗಳಲ್ಲಿ ಸಿಗುತ್ತದೆ, ಯಾವುದರಲ್ಲೂ ಇದು ಮರುಮಿಶ್ರಣವೆಂದು ಬರೆದಿರುವುದಿಲ್ಲ. ಗುರುತಿಸುವುದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಹಾಡಿನ ಹೆಸರನ್ನು ಹುಡುಕಬೇಡಿ, ಆಲ್ಬಂ ಹೆಸರನ್ನು ಹುಡುಕಿ. 1970ರ ‘ಕ್ಲೋಸ್ ಟು ಯೂ’, 1971ರ ‘ಕಾರ್ಪೆಂಟರ್ಸ್’, 1972ರ ‘ಎ ಸಾಂಗ್ ಫಾರ್ ಯೂ’, 1973ರ ‘ನೌ ಅಂಡ್ ದೆನ್’ ಎಂಬ ಆಲ್ಬಂಗಳಿಂದ ಆರಂಭಿಸಿ. 1990ರ ದಶಕದ ಕೊನೆಯಲ್ಲಿ ಮರುಮಾಸ್ಟರ್ ಮಾಡಿದ ಆವೃತ್ತಿಗಳು ಮೂಲ ಮಿಶ್ರಣಗಳಿಗೆ ಹತ್ತಿರವಾಗಿವೆ. ಆಮೇಲೆ ಅದೇ ಹಾಡನ್ನು ಸಂಕಲನದಲ್ಲಿ ಕೇಳಿ. ‘ವೀವ್ ಓನ್ಲಿ ಜಸ್ಟ್ ಬಿಗನ್’ ಹಾಡಿಗೆ ಮುನ್ನ ಬೇರೆ ಹಾಡಿನ ಎಳೆ ಕೇಳಿಸಿದರೆ ನಿಮ್ಮ ಕೈಯಲ್ಲಿರುವುದು 1973ರ ಸಂಕಲನದ ರೂಪ. ಉಳಿದ ಹಾಡುಗಳಲ್ಲಿ ಪಿಯಾನೋ ಮತ್ತು ಡ್ರಮ್ಮಿನ ಸುತ್ತಲ ಗುಂಜನವನ್ನು ಗಮನಿಸಿ. ಹಳೆಯದರಲ್ಲಿ ಡ್ರಮ್ಮಿನ ಏಟು ಒಣಗಿದ ಹಾಗೆ ಗಕ್ಕನೆ ನಿಲ್ಲುತ್ತದೆ, ಹೊಸದರಲ್ಲಿ ಅದರ ಬಾಲ ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಕೇಳುಗನ ಮೇಲೆ ಇಷ್ಟು ಪತ್ತೇದಾರಿಯ ಭಾರ ಹಾಕಬಾರದು, ಹಾಡಿನ ಹೆಸರಿನ ಪಕ್ಕದಲ್ಲಿ ಮಿಶ್ರಣದ ವರ್ಷವನ್ನು ಮುದ್ರಿಸುವುದು ಯಾವ ಕಂಪನಿಗೂ ಕಷ್ಟದ ಕೆಲಸವಲ್ಲ.

ಪ್ರಶ್ನೆ: ತೀರಿಹೋದ ನಮ್ಮ ಮಾವನವರ ಪೆಟ್ಟಿಗೆಯಲ್ಲಿ ‘ದ ಸಿಂಗಲ್ಸ್ 1969–1973’ರ ಹಳೆಯ ತಟ್ಟೆ ಸಿಕ್ಕಿದೆ. ಅಲ್ಲಲ್ಲಿ ಚಟಚಟ ಸದ್ದು ಬರುತ್ತದೆ. ಇದೇ ಹಾಡುಗಳ ಸ್ವಚ್ಛವಾದ ಸಿ.ಡಿ. ಮನೆಯಲ್ಲಿರುವುದರಿಂದ ತಟ್ಟೆಯನ್ನು ಯಾರಿಗಾದರೂ ಕೊಟ್ಟುಬಿಡಬಹುದೇ? (ಮಂಗಳೂರಿನ ಓದುಗರು)

ಉತ್ತರ: ದಯವಿಟ್ಟು ಕೊಡಬೇಡಿ. ಹಾಡುಗಳ ಹೆಸರುಗಳು ಒಂದೇ ಇದ್ದರೂ ನಿಮ್ಮ ಸಿ.ಡಿ.ಯಲ್ಲಿರುವುದು ಬೇರೆ ಮಿಶ್ರಣಗಳಾಗಿರುವ ಸಾಧ್ಯತೆ ಹೆಚ್ಚು, ಕರೆನ್ ಇದ್ದಾಗಲೇ ಜೋಡಿಸಿದ ಕ್ರಮವಂತೂ ತಟ್ಟೆಯಲ್ಲೇ ಇದೆ. ಮೆತ್ತನೆಯ ಬ್ರಷ್ಷಿನಿಂದ ಗೆರೆಗಳ ಗುಂಟ ಧೂಳು ತೆಗೆದು, ಮುಳ್ಳು ಸವೆದಿದೆಯೇ ಎಂದು ಒಮ್ಮೆ ನೋಡಿಸಿ, ಬಿಡುವಿರುವ ಸಂಜೆ ಮೊದಲ ಮಗ್ಗುಲನ್ನು ಹಾಕಿ. ನಾಲ್ಕನೆಯ ಹಾಡಾದ ‘ಸೂಪರ್‌ಸ್ಟಾರ್’ ಆರಂಭವಾದ ಮೇಲೆ ಮುಳ್ಳನ್ನು ಎತ್ತಬೇಡಿ. ಅದು ‘ರೇನಿ ಡೇಸ್ ಅಂಡ್ ಮಂಡೇಸ್’ ಹಾಡಿಗೆ ಸರಿಯುವುದನ್ನೂ, ಅಲ್ಲಿಂದ ‘ಗುಡ್‌ಬೈ ಟು ಲವ್’ ಹಾಡಿಗೆ ದಾಟಿ ಕೊನೆಯ ಗಿಟಾರ್ ಕರಗುವುದನ್ನೂ ಒಂದೇ ಓಟದಲ್ಲಿ ಕೇಳಿ, ಹೇಗನ್ನಿಸಿತೆಂದು ನನಗೆ ಬರೆಯಿರಿ.